ತೆರೆಮರೆಯ ಸೇವೆ: ಶಾಲು, ಹಾರಗಳಾಚೆಯ ಗೌರವ ಯಾವುದು?

ಬೆಂಗಳೂರು: ತಿಂಗಳ ಕೊನೆಯ ದಿನವೆಂದರೆ ಸರ್ಕಾರಿ ಕಚೇರಿಗಳಲ್ಲಿ ಬೀಳ್ಕೊಡುಗೆಯ ದಿನ. ಮಧ್ಯಾಹ್ನದ ಹೊತ್ತಿಗೆ ಕಡತಗಳು ಬದಿಗೆ ಸರಿಯುತ್ತವೆ. ನಿವೃತ್ತರಾಗುವವರಿಗೆ ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ ಮತ್ತು ಒಂದು ಸ್ಮರಣಿಕೆ. ಸಹೋದ್ಯೋಗಿಗಳು ನಾಲ್ಕು ಒಳ್ಳೆಯ ಮಾತುಗಳನ್ನಾಡುತ್ತಾರೆ. ಮೇಲಧಿಕಾರಿಗಳು ನಿವೃತ್ತಿ ಜೀವನ ಸುಖಕರವಾಗಿರಲಿ ಎಂದು ಹಾರೈಸುತ್ತಾರೆ. ಮರುದಿನ ಆ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿರುತ್ತಾರೆ.

ಶಾಸನಸಭೆಗಳ ಸಚಿವಾಲಯಗಳೂ ಈ ರೂಢಿಗೆ ಹೊರತಲ್ಲ. ಆದರೆ ಅಲ್ಲಿಂದ ಹೊರನಡೆಯುವ ಹಿರಿಯ ಅಧಿಕಾರಿಯೊಡನೆ ಹೊರಟುಹೋಗುವ ಸರಕೇ ಬೇರೆ. ಮೂರು ನಾಲ್ಕು ದಶಕಗಳಲ್ಲಿ ಆತ ಅನೇಕ ಸಭಾಧ್ಯಕ್ಷರ ಪಕ್ಕದಲ್ಲಿ ನಿಂತು ನಿಯಮ ಹೇಳಿಕೊಟ್ಟಿರುತ್ತಾನೆ. ಸರ್ಕಾರಗಳು ಉರುಳಿದ್ದನ್ನೂ ಹೊಸ ಸರ್ಕಾರಗಳು ಬಂದದ್ದನ್ನೂ ಸದನದ ಮೇಜಿನ ಬಳಿಯಿಂದಲೇ ಕಂಡಿರುತ್ತಾನೆ. ಆದರೂ ಆತನ ಹೆಸರು ಪತ್ರಿಕೆಗಳಲ್ಲಿ ಬಂದಿರುವುದಿಲ್ಲ, ಆತನ ಒಲವು ಯಾವ ಪಕ್ಷದ ಕಡೆಗೆಂಬುದು ಯಾರಿಗೂ ತಿಳಿದಿರುವುದಿಲ್ಲ. ಹಾಗೆ ತಿಳಿಯದೇ ಇರುವುದೇ ಆ ವೃತ್ತಿಯ ಹಿರಿಮೆ.

ಇಂಥವರನ್ನು ಸದನ ಹೇಗೆ ಗೌರವಿಸಬೇಕು ಎಂಬುದು ಮೇಲ್ನೋಟಕ್ಕೆ ಸೌಜನ್ಯದ ಪ್ರಶ್ನೆ. ತುಸು ಆಳಕ್ಕಿಳಿದು ನೋಡಿದರೆ ಅದು ಅಧಿಕಾರದ ಪ್ರಶ್ನೆ. ಸದನದ ಸಿಬ್ಬಂದಿ ಯಾರ ಕೈಕೆಳಗೆ ಇರಬೇಕು, ಅವರ ಮೇಲಿನ ಹುದ್ದೆ ಯಾರಿಗೆ ಸಲ್ಲಬೇಕು, ಅವರು ಸಭಾಧ್ಯಕ್ಷರಿಗೆ ಅಳುಕಿಲ್ಲದೆ ಸಲಹೆ ನೀಡಬಲ್ಲರೇ ಎಂಬ ಪ್ರಶ್ನೆಗಳು ಬೀಳ್ಕೊಡುಗೆಯ ಭಾಷಣಗಳಲ್ಲಿ ಬರುವುದಿಲ್ಲ. ಸಂಸತ್ತು ಮತ್ತು ರಾಜ್ಯ ವಿಧಾನಮಂಡಲಗಳ ಇತಿಹಾಸದಲ್ಲಿ ಮಾತ್ರ ಈ ಪ್ರಶ್ನೆಗಳು ಮತ್ತೆ ಮತ್ತೆ ತಲೆಯೆತ್ತಿವೆ.

ಅಂಬೇಡ್ಕರ್ ಹಾಕಿಕೊಟ್ಟ ಮೇಲ್ಪಂಕ್ತಿ

ತೆರೆಮರೆಯ ಸಿಬ್ಬಂದಿಗೆ ಸದನವೊಂದು ಸಲ್ಲಿಸಿದ ಅತ್ಯಂತ ಘನವಾದ ಗೌರವ ಈ ದೇಶದಲ್ಲೇ, ಸಂವಿಧಾನ ರಚನಾ ಸಭೆಯಲ್ಲೇ ನಡೆದಿದೆ. 1949ರ ನವೆಂಬರ್ 25ರಂದು ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಸಮಾರೋಪ ಭಾಷಣ ಮಾಡಿದರು. ಜಾತಿ ವ್ಯವಸ್ಥೆ, ವ್ಯಕ್ತಿಪೂಜೆ, ಸಾಮಾಜಿಕ ಪ್ರಜಾಸತ್ತೆಗಳ ಬಗ್ಗೆ ಅವರು ನೀಡಿದ ಎಚ್ಚರಿಕೆಗಳು ಇಂದಿಗೂ ಉಲ್ಲೇಖಗೊಳ್ಳುತ್ತವೆ. ಅದೇ ಭಾಷಣದ ಇನ್ನೊಂದು ಭಾಗ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ.

ಸಂವಿಧಾನದ ಕರಡು ಸಿದ್ಧಪಡಿಸಿದ ಶ್ರೇಯಸ್ಸು ತಮಗೊಬ್ಬರಿಗೇ ಸೇರಿದ್ದಲ್ಲ ಎಂದು ಅಂಬೇಡ್ಕರ್ ಅಂದು ಸದನದ ಮುಂದೆ ಸ್ಪಷ್ಟವಾಗಿ ಹೇಳಿದರು. ಅದರಲ್ಲಿ ಒಂದು ಪಾಲು ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಅವರಿಗೆ ಸಲ್ಲಬೇಕೆಂದರು. ಇನ್ನೂ ದೊಡ್ಡ ಪಾಲು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರಿಗೆ ಸಲ್ಲಬೇಕೆಂದರು. ಎಷ್ಟೇ ಜಟಿಲವಾದ ಪ್ರಸ್ತಾವವನ್ನೂ ಸರಳವಾದ, ಸ್ಪಷ್ಟವಾದ ಕಾನೂನಿನ ಭಾಷೆಗೆ ಇಳಿಸುವ ಮುಖರ್ಜಿಯವರ ಸಾಮರ್ಥ್ಯವನ್ನು ಕೊಂಡಾಡಿದರು. ಅಷ್ಟಕ್ಕೇ ನಿಲ್ಲದೆ, ಮುಖರ್ಜಿಯವರ ಕೈಕೆಳಗೆ ಕೆಲವೊಮ್ಮೆ ನಡುರಾತ್ರಿ ದಾಟಿದ ಮೇಲೂ ದುಡಿದ ಸಿಬ್ಬಂದಿಯನ್ನೂ ನೆನೆದರು.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು ಮಂಗಳೂರಿನಲ್ಲಿ ಎಂಬುದು ಕನ್ನಡಿಗರು ಅಭಿಮಾನ ಪಡಬೇಕಾದ ಸಂಗತಿ. ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಸಭೆ ಅಂಗೀಕರಿಸಿದ ಸಂವಿಧಾನದಲ್ಲಿ 395 ವಿಧಿಗಳೂ 8 ಅನುಸೂಚಿಗಳೂ ಉಳಿದವು. ಈ ನಡುವೆ ಕರಡಿಗೆ 7,635 ತಿದ್ದುಪಡಿಗಳ ಸೂಚನೆ ಬಂದಿತ್ತು. ಅವುಗಳಲ್ಲಿ 2,473 ತಿದ್ದುಪಡಿಗಳು ಸದನದಲ್ಲಿ ಮಂಡನೆಯಾದವು. ಇಂದಿನಂತೆ ಗಣಕಯಂತ್ರಗಳಿಲ್ಲದ ಕಾಲದಲ್ಲಿ ಪ್ರತಿಯೊಂದು ತಿದ್ದುಪಡಿಯನ್ನೂ ವಿಂಗಡಿಸಿ, ಅಚ್ಚು ಹಾಕಿಸಿ, ಸದಸ್ಯರ ಕೈಗೆ ತಲುಪಿಸಿದವರು ಯಾರು ಎಂಬುದನ್ನು ಅಂಬೇಡ್ಕರ್ ಚೆನ್ನಾಗಿ ಬಲ್ಲವರಾಗಿದ್ದರು.

ಮುಖರ್ಜಿ ಮುಂದೆ 1952ರಲ್ಲಿ ರಾಜ್ಯಸಭೆಯ ಮೊದಲ ಕಾರ್ಯದರ್ಶಿಯಾದರು. 1963ರವರೆಗೂ ಆ ಹುದ್ದೆಯಲ್ಲಿದ್ದರು. ಸಂವಿಧಾನದ ವಾಕ್ಯಗಳನ್ನು ಹೆಣೆದ ಕೈಯೇ ಮೇಲ್ಮನೆಯ ಮೇಜನ್ನೂ ಮೊದಲ ಹನ್ನೊಂದು ವರ್ಷ ನೋಡಿಕೊಂಡಿತು.

ಸದನ ಸೇರುವ ಮುನ್ನ

ಶಾಸನಸಭೆಯ ಸಿಬ್ಬಂದಿ ಮಾಡುವುದಾದರೂ ಏನು? ದೂರದರ್ಶನದ ಪರದೆಯ ಮೇಲೆ ಕಾಣುವುದು ಸಭಾಧ್ಯಕ್ಷರ ಪೀಠ ಮತ್ತು ಕೂಗಾಡುವ ಸದಸ್ಯರು ಮಾತ್ರ. ಪೀಠದ ಕೆಳಗಿನ ಮೇಜಿನ ಬಳಿ ತಲೆತಗ್ಗಿಸಿ ಬರೆದುಕೊಳ್ಳುತ್ತಿರುವವರತ್ತ ಯಾರ ಕಣ್ಣೂ ಹರಿಯುವುದಿಲ್ಲ.

ಪ್ರಶ್ನೋತ್ತರ ಕಲಾಪವನ್ನೇ ತೆಗೆದುಕೊಳ್ಳಬಹುದು. ಲೋಕಸಭೆಯಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನ 20 ಮತ್ತು ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳನ್ನು ಪಟ್ಟಿ ಮಾಡಲಾಗುತ್ತದೆ. ರಾಜ್ಯಸಭೆಯಲ್ಲಿ ಈ ಸಂಖ್ಯೆ ಕ್ರಮವಾಗಿ 15 ಮತ್ತು 160. ಬಂದ ಸೂಚನೆಗಳನ್ನೆಲ್ಲ ನಿಯಮಗಳ ಒರೆಗಲ್ಲಿಗೆ ಹಚ್ಚಿ, ಲಾಟರಿ ಎತ್ತಿ, ಸಂಬಂಧಪಟ್ಟ ಇಲಾಖೆಗೆ ಕಳುಹಿಸಿ, ಉತ್ತರ ತರಿಸಿಕೊಳ್ಳುವ ಹೊಣೆ ಸಚಿವಾಲಯದ ಪ್ರಶ್ನೆ ಶಾಖೆಯದು. ಸಚಿವರಿಗೆ ಇರಿಸುಮುರಿಸಾಗುವ ಪ್ರಶ್ನೆಯೊಂದು ಪಟ್ಟಿಗೆ ಸೇರುವುದೋ ಬಿಡುವುದೋ ಎಂಬುದಕ್ಕೆ ಆಧಾರ ಆ ಶಾಖೆಯ ಅಧಿಕಾರಿ ಕಡತದ ಮೇಲೆ ಬರೆಯುವ ಒಂದೆರಡು ಸಾಲಿನ ಟಿಪ್ಪಣಿ. ಅಂತಿಮ ತೀರ್ಮಾನ ಸಭಾಧ್ಯಕ್ಷರದೇ ಆದರೂ ಅದಕ್ಕೆ ದಾರಿ ತೋರಿಸುವುದು ಆ ಟಿಪ್ಪಣಿ.

ನಿಲುವಳಿ ಸೂಚನೆ, ಗಮನ ಸೆಳೆಯುವ ಸೂಚನೆ, ಹಕ್ಕುಚ್ಯುತಿ ಪ್ರಸ್ತಾವ, ವಿಧೇಯಕಕ್ಕೆ ತಿದ್ದುಪಡಿ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೊದಲ ಬಾರಿ ಆಯ್ಕೆಯಾಗಿ ಬಂದ ಶಾಸಕನಿಗೆ ಯಾವ ನಿಯಮದಡಿ ಯಾವ ವಿಷಯ ಎತ್ತಬಹುದು ಎಂದು ಹೇಳಿಕೊಡುವವರೂ ಇವರೇ. ಆಡಳಿತ ಪಕ್ಷದವರು ಬಂದರೂ ವಿರೋಧ ಪಕ್ಷದವರು ಬಂದರೂ ಹೇಳಿಕೊಡುವ ಪಾಠ ಒಂದೇ ಆಗಿರಬೇಕು. ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯಂಥ ಸಮಿತಿಗಳ ವರದಿಗಳ ಹಿಂದೆಯೂ ಸದಸ್ಯರಿಗಾಗಿ ದಾಖಲೆಗಳನ್ನು ಜಾಲಾಡಿದ ಅಧಿಕಾರಿಗಳಿರುತ್ತಾರೆ. ವರದಿಯ ಮುಖಪುಟದಲ್ಲಿ ಅಧ್ಯಕ್ಷರ ಹೆಸರಿರುತ್ತದೆ.

ಸದನದಲ್ಲಿ ಆಡಿದ ಪ್ರತಿ ಮಾತನ್ನೂ ದಾಖಲಿಸುವ ವರದಿಗಾರರು, ಒಂದು ಭಾಷೆಯ ಮಾತನ್ನು ಇನ್ನೊಂದು ಭಾಷೆಯಲ್ಲಿ ಆ ಕ್ಷಣವೇ ಕೇಳಿಸುವ ಭಾಷಾಂತರಕಾರರು ಕೂಡ ಈ ಬಳಗದವರೇ. 1967ರಲ್ಲಿ ಲೋಕಸಭೆಗೆ ಆಯ್ಕೆಯಾದ ಶಿವಮೊಗ್ಗದ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನು ರಾಜ್ಯ ಇಂದಿಗೂ ಹೆಮ್ಮೆಯಿಂದ ಸ್ಮರಿಸುತ್ತದೆ. ಇಂದು ಸಂಸತ್ತಿನಲ್ಲಿ ಕನ್ನಡದ ಮಾತು ಬೇರೆ ರಾಜ್ಯದ ಸದಸ್ಯರಿಗೂ ಅರ್ಥವಾಗುತ್ತದೆಯೆಂದರೆ, ಅದನ್ನು ಸಾಧ್ಯವಾಗಿಸಿರುವವರು ಪರದೆಯ ಮೇಲೆ ಎಂದೂ ಕಾಣಿಸಿಕೊಳ್ಳದ ಭಾಷಾಂತರಕಾರರು.

ಕೆಲವೊಮ್ಮೆ ಈ ಸೇವೆಗೆ ಪ್ರಾಣವನ್ನೇ ತೆತ್ತವರೂ ಇದ್ದಾರೆ. 2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ಭಯೋತ್ಪಾದಕರ ದಾಳಿ ನಡೆದಾಗ ಹುತಾತ್ಮರಾದವರಲ್ಲಿ ಸಂಸತ್ತಿನದೇ ಕಾವಲು ಸಿಬ್ಬಂದಿಯಾದ ಜಗದೀಶ್ ಪ್ರಸಾದ್ ಯಾದವ್ ಮತ್ತು ಮಾತಬರ್ ಸಿಂಗ್ ನೇಗಿ ಇದ್ದರು. ಇಬ್ಬರಿಗೂ ಮರಣೋತ್ತರವಾಗಿ ಅಶೋಕ ಚಕ್ರ ನೀಡಲಾಯಿತು.

ವಿಧಾನಸೌಧದ ಆ ಸಂಜೆ

ಸಿಬ್ಬಂದಿಯ ನಿಷ್ಪಕ್ಷಪಾತದ ಬೆಲೆ ತಿಳಿಯುವುದು ಬಿಕ್ಕಟ್ಟಿನ ದಿನ. 2019ರ ಜುಲೈ 23ರ ಸಂಜೆ ರಾಜ್ಯದ ಜನ ಅದನ್ನು ನೇರ ಪ್ರಸಾರದಲ್ಲಿ ಕಂಡಿದ್ದಾರೆ. ಎಚ್.ಡಿ. ಕುಮಾರಸ್ವಾಮಿ ಮಂಡಿಸಿದ್ದ ವಿಶ್ವಾಸಮತ ಯಾಚನೆಯ ಪ್ರಸ್ತಾವವನ್ನು ಸಭಾಧ್ಯಕ್ಷ ರಮೇಶ್ ಕುಮಾರ್ ಅಂದು ಮತಕ್ಕೆ ಹಾಕಿದರು. ಸದಸ್ಯರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಲಾಯಿತು. ಪರವಾಗಿ 99, ವಿರುದ್ಧವಾಗಿ 105. ಹದಿನಾಲ್ಕು ತಿಂಗಳ ಸರ್ಕಾರ ಬಿದ್ದುಹೋಯಿತು.

ವಾರಗಟ್ಟಲೆ ನಡೆದ ರಾಜೀನಾಮೆ, ರೆಸಾರ್ಟ್ ವಾಸ, ಸುಪ್ರೀಂ ಕೋರ್ಟಿನ ಅರ್ಜಿಗಳ ನಡುವೆ ಪ್ರತಿಯೊಂದು ಸಂಗತಿಯೂ ವಿವಾದಕ್ಕೊಳಗಾಗಿತ್ತು. ಆದರೆ ಸಾಲುಗಳ ನಡುವೆ ನಡೆದು ಎಣಿಸಿದ ಸಿಬ್ಬಂದಿಯ ಲೆಕ್ಕ ಮಾತ್ರ ಯಾವ ಪಕ್ಷಕ್ಕೂ ವಿವಾದದ ವಸ್ತುವಾಗಲಿಲ್ಲ. ಸೋತವರೂ ಗೆದ್ದವರೂ ಆ ಸಂಖ್ಯೆಯನ್ನು ಒಪ್ಪಿಕೊಂಡು ಹೊರನಡೆದರು. ಪ್ರಜಾಸತ್ತೆಯಲ್ಲಿ ಅಧಿಕಾರದ ಹಸ್ತಾಂತರ ರಕ್ತಪಾತವಿಲ್ಲದೆ ನಡೆಯುವುದಕ್ಕೆ ಇಂಥ ನಂಬಿಕೆಯೇ ಆಧಾರ. ಅದು ಒಂದು ದಿನದಲ್ಲಿ ಗಳಿಸುವ ನಂಬಿಕೆಯಲ್ಲ.

2025ರ ಮಾರ್ಚ್ 21ರಂದು ಬಿಜೆಪಿಯ 18 ಶಾಸಕರನ್ನು ಆರು ತಿಂಗಳ ಕಾಲ ಅಮಾನತು ಮಾಡಿದಾಗ, ಹೊರಹೋಗಲೊಪ್ಪದವರನ್ನು ಮಾರ್ಷಲ್‌ಗಳು ಎತ್ತಿಕೊಂಡು ಹೊರಗೆ ತಂದ ದೃಶ್ಯವೂ ಜನರ ನೆನಪಿನಲ್ಲಿದೆ. ಆ ಅಮಾನತನ್ನು ಅದೇ ವರ್ಷದ ಮೇ ತಿಂಗಳಲ್ಲಿ ಹಿಂಪಡೆಯಲಾಯಿತು. ಅಂದು ಎತ್ತಿ ಒಯ್ದ ಶಾಸಕರಿಗೆ ಮಾರ್ಷಲ್‌ಗಳು ಮತ್ತೆ ಬಾಗಿಲಲ್ಲಿ ನಿಂತು ನಮಸ್ಕರಿಸಬೇಕು. ಪಕ್ಷಗಳ ಬಲಾಬಲ ಬದಲಾದರೆ ನಾಳೆ ಅವರಲ್ಲೇ ಒಬ್ಬರು ಪೀಠವೇರಬಹುದು, ಸಚಿವರಾಗಬಹುದು. ಸದನದ ಆದೇಶ ಪಾಲಿಸಿದ ನೌಕರನ ಮೇಲೆ ಆಗ ಹಗೆ ಸಾಧಿಸದಂತೆ ಕಾಯುವ ವ್ಯವಸ್ಥೆ ಬೇಡವೇ?

ಸರ್ಕಾರದ ಕೆಲಸವಲ್ಲ, ಸದನದ ಕೆಲಸ

ವಿಧಾನಸೌಧದ ಮುಂಬಾಗಿಲ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಲಾಗಿದೆ. ಅದೇ ಕಟ್ಟಡದಲ್ಲಿ ದುಡಿಯುವ ಶಾಸನಸಭೆಯ ಸಿಬ್ಬಂದಿ ಮಾಡುವುದು ಮಾತ್ರ ಸರ್ಕಾರದ ಕೆಲಸವಲ್ಲ. ಅವರದು ಸದನದ ಕೆಲಸ. ಸರ್ಕಾರವನ್ನು ಪ್ರಶ್ನಿಸುವವರಿಗೆ ನೆರವಾಗುವ ಕೆಲಸ. ಈ ವ್ಯತ್ಯಾಸವನ್ನು ಗುರುತಿಸಲು ದೇಶದ ನಾಯಕರು ಬ್ರಿಟಿಷರ ಕಾಲದಲ್ಲೇ ಹೋರಾಡಬೇಕಾಯಿತು.

ಆಗ ಕೇಂದ್ರ ಶಾಸನಸಭೆಯ ಸಿಬ್ಬಂದಿ ಸರ್ಕಾರದ ಇಲಾಖೆಯ ಅಧೀನದಲ್ಲಿದ್ದರು. ಸದನಕ್ಕೆ ಚುನಾಯಿತ ಅಧ್ಯಕ್ಷ ವಿಠಲಭಾಯಿ ಪಟೇಲ್ ಇದ್ದರೂ, ಅವರಿಗೆ ಸಲಹೆ ನೀಡಬೇಕಾದವರ ಬಡ್ತಿ, ವರ್ಗಾವಣೆಗಳು ಸರ್ಕಾರದ ಕೈಯಲ್ಲಿದ್ದವು. ಸರ್ಕಾರದ ವಿರುದ್ಧ ತೀರ್ಪು ಕೊಡಬೇಕಾದ ಅಧ್ಯಕ್ಷರು ಸರ್ಕಾರದ ನೌಕರರನ್ನೇ ನೆಚ್ಚಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. 1928ರ ಸೆಪ್ಟೆಂಬರ್‌ನಲ್ಲಿ ಮೋತಿಲಾಲ್ ನೆಹರೂ ಪ್ರತ್ಯೇಕ ಸಚಿವಾಲಯಕ್ಕಾಗಿ ನಿರ್ಣಯ ಮಂಡಿಸಿದರು, ಸದನ ಅದನ್ನು ಒಪ್ಪಿತು. 1929ರ ಜನವರಿಯಲ್ಲಿ ಶಾಸನಸಭಾ ಇಲಾಖೆ ಪ್ರತ್ಯೇಕವಾಗಿ ಅಸ್ತಿತ್ವಕ್ಕೆ ಬಂತು.

ಆ ತತ್ವವೇ ಸಂವಿಧಾನದ 98ನೇ ವಿಧಿಯಾಗಿ ಸಂಸತ್ತಿನ ಎರಡೂ ಸದನಗಳಿಗೆ, 187ನೇ ವಿಧಿಯಾಗಿ ರಾಜ್ಯ ವಿಧಾನಮಂಡಲಗಳಿಗೆ ಅನ್ವಯವಾಯಿತು. ಸದನಗಳಿಗೆ ಪ್ರತ್ಯೇಕ ಸಚಿವಾಲಯ ಸಿಬ್ಬಂದಿ ಇರಬೇಕು ಎಂಬುದು ಅದರ ಮೊದಲ ಅಂಶ. ಅವರ ನೇಮಕಾತಿ ಮತ್ತು ಸೇವಾ ಷರತ್ತುಗಳನ್ನು ಶಾಸನಸಭೆಯೇ ಕಾನೂನಿನ ಮೂಲಕ ಗೊತ್ತುಮಾಡಬಹುದು ಎಂಬುದು ಎರಡನೆಯದು. ಮೊದಲ ಅಂಶ ಜಾರಿಗೆ ಬಂದಿದೆ. ಎರಡನೆಯ ಅಂಶದ ವಿಷಯದಲ್ಲಿ ಸಂಸತ್ತು ಏಳು ದಶಕ ಕಳೆದರೂ ಕಾನೂನು ಮಾಡಿಲ್ಲ. 1950ರ ದಶಕದಲ್ಲಿ ರಾಷ್ಟ್ರಪತಿಯವರು ಪೀಠಾಧ್ಯಕ್ಷರೊಡನೆ ಸಮಾಲೋಚಿಸಿ ರೂಪಿಸಿದ ನಿಯಮಗಳ ಮೇಲೆಯೇ ಕೆಲಸ ಸಾಗಿದೆ. ತಾತ್ಕಾಲಿಕವೆಂದು ಹಾಕಿದ ಚಪ್ಪರದ ಕೆಳಗೇ ಸಂಸಾರ ಹೂಡಿದಂತಾಗಿದೆ.

ಗೌರವದ ಹಳೆಯ ಮಾದರಿ

ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಈ ಸೇವೆಗೆ ಸಂದ ಗೌರವ ಮಾತಿಗಷ್ಟೇ ಸೀಮಿತವಾಗಿರಲಿಲ್ಲ. 1947ರಿಂದ 1964ರವರೆಗೆ ಕಾರ್ಯದರ್ಶಿಯಾಗಿದ್ದ ಎಂ.ಎನ್. ಕೌಲ್, ಮೊದಲ ಸಭಾಧ್ಯಕ್ಷ ಜಿ.ವಿ. ಮಾವಳಂಕರ್ ಅವರೊಂದಿಗೆ ಲೋಕಸಭೆಯ ಅನೇಕ ಸಂಪ್ರದಾಯಗಳನ್ನು ಕಟ್ಟಿ ಬೆಳೆಸಿದವರು. ನಿವೃತ್ತರಾದಾಗ ಅವರನ್ನು ಸದನದ ಗೌರವ ಅಧಿಕಾರಿಯೆಂದು ಘೋಷಿಸಲಾಯಿತು. 1966ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು ಹತ್ತು ವರ್ಷ ಸದಸ್ಯರಾಗಿದ್ದರು. ದಶಕಗಳ ಕಾಲ ಸದಸ್ಯರ ಸೂಚನೆಗಳನ್ನು ಪರಿಶೀಲಿಸಿದವರು ತಾವೇ ಸೂಚನೆ ಕೊಡುವ ಸ್ಥಾನಕ್ಕೆ ಬಂದರು.

ಅವರ ಉತ್ತರಾಧಿಕಾರಿ ಎಸ್.ಎಲ್. ಶಕ್ಧರ್ 1977ರವರೆಗೆ ಲೋಕಸಭೆಯ ಸೇವೆಯಲ್ಲಿದ್ದು, ಬಳಿಕ ಮುಖ್ಯ ಚುನಾವಣಾ ಆಯುಕ್ತರಾಗಿ 1982ರವರೆಗೆ ಕಾರ್ಯ ನಿರ್ವಹಿಸಿದರು. ಇಬ್ಬರೂ ಸೇರಿ ಬರೆದ ಸಂಸದೀಯ ಪದ್ಧತಿಯ ಗ್ರಂಥ 1968ರಲ್ಲಿ ಪ್ರಕಟವಾಯಿತು. ದೇಶದ ಯಾವ ಸದನದಲ್ಲೇ ನಿಯಮದ ತೊಡಕು ಎದುರಾದರೂ ‘ಕೌಲ್ ಮತ್ತು ಶಕ್ಧರ್ ಏನು ಹೇಳುತ್ತಾರೆ’ ಎಂದು ಇಂದಿಗೂ ಕೇಳುವುದುಂಟು. ನೌಕರರಾಗಿದ್ದವರ ಹೆಸರೇ ಪ್ರಮಾಣವಾಗಿ ನಿಂತದ್ದು ಸಣ್ಣ ಗೌರವವಲ್ಲ.

ಅವರ ನಂತರವೂ ಸುಭಾಷ್ ಕಶ್ಯಪ್, ಜಿ.ಸಿ. ಮಲ್ಹೋತ್ರಾ, ಪಿ.ಡಿ.ಟಿ. ಆಚಾರಿ ಅವರಂಥವರು ಲೋಕಸಭಾ ಸಚಿವಾಲಯದೊಳಗೇ ಪಳಗಿ ಮಹಾ ಕಾರ್ಯದರ್ಶಿ ಹುದ್ದೆಗೇರಿದರು. ಕಶ್ಯಪ್ ಅವರಿಗೆ 2015ರಲ್ಲಿ ಪದ್ಮಭೂಷಣವೂ ಸಂದಿತು.

ಎರಡೂವರೆ ತಿಂಗಳ ಪದವಿ

ಈ ಪರಂಪರೆಯ ಹಿನ್ನೆಲೆಯಲ್ಲಿ 2021ರಲ್ಲಿ ರಾಜ್ಯಸಭೆಯಲ್ಲಿ ನಡೆದ ಬೆಳವಣಿಗೆಯನ್ನು ನೋಡಬೇಕಾಗುತ್ತದೆ. ಐಎಎಸ್ ಅಧಿಕಾರಿಯಾಗಿದ್ದ ದೇಶ್ ದೀಪಕ್ ವರ್ಮಾ ಅವರ ಅವಧಿ ಮುಗಿದ ಮೇಲೆ, ಅಂದಿನ ಸಭಾಪತಿ ಎಂ. ವೆಂಕಯ್ಯ ನಾಯ್ಡು ಅವರು ಪಿ.ಪಿ.ಕೆ. ರಾಮಾಚಾರ್ಯುಲು ಅವರನ್ನು ಮಹಾ ಕಾರ್ಯದರ್ಶಿಯನ್ನಾಗಿ ನೇಮಿಸಿದರು. ಸೆಪ್ಟೆಂಬರ್ 1ರಂದು ಅವರು ಅಧಿಕಾರ ವಹಿಸಿಕೊಂಡರು. ಸಂಸತ್ತಿನಲ್ಲಿ ಸುಮಾರು ನಾಲ್ಕು ದಶಕ ದುಡಿದ ಅವರು ರಾಜ್ಯಸಭಾ ಸಚಿವಾಲಯದ ಕೆಳಹಂತಗಳಿಂದ ಈ ಹುದ್ದೆಗೇರಿದ ಮೊದಲಿಗರು ಎಂದು ಆಗ ಬಣ್ಣಿಸಲಾಗಿತ್ತು. ಸಚಿವಾಲಯದ ಪ್ರತಿಯೊಬ್ಬ ನೌಕರನಿಗೂ ಅದು ತನಗೇ ಸಂದ ಗೌರವವೆಂಬಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆ ಸಂತಸ ಬಹುಕಾಲ ಉಳಿಯಲಿಲ್ಲ. ಎರಡೂವರೆ ತಿಂಗಳೊಳಗೆ, ನವೆಂಬರ್ 12ರಂದು, ನಿವೃತ್ತ ಕಂದಾಯ ಸೇವಾ ಅಧಿಕಾರಿ, ನೇರ ತೆರಿಗೆಗಳ ಕೇಂದ್ರ ಮಂಡಳಿಯ ಮಾಜಿ ಅಧ್ಯಕ್ಷ ಪಿ.ಸಿ. ಮೋದಿ ಅವರು ಆ ಹುದ್ದೆಗೆ ಬಂದರು. ರಾಮಾಚಾರ್ಯುಲು ಸಲಹೆಗಾರರಾದರು. ಚಳಿಗಾಲದ ಅಧಿವೇಶನ ಹತ್ತಿರವಿದ್ದ ಸಮಯದಲ್ಲಿ ನಡೆದ ಈ ದಿಢೀರ್ ಬದಲಾವಣೆಯನ್ನು ವಿರೋಧ ಪಕ್ಷಗಳ ನಾಯಕರು ಪ್ರಶ್ನಿಸಿದರು. ಮಹಾ ಕಾರ್ಯದರ್ಶಿಯಾಗಿ ಒಂದೂ ಅಧಿವೇಶನ ನಡೆಸುವ ಅವಕಾಶ ರಾಮಾಚಾರ್ಯುಲು ಅವರಿಗೆ ದೊರೆಯಲಿಲ್ಲ.

ನೇಮಕ ಸಭಾಪತಿಯವರ ವಿವೇಚನೆಗೆ ಸೇರಿದ್ದು, ಅದರಲ್ಲಿ ನಿಯಮಬಾಹಿರವಾದುದೇನೂ ಇಲ್ಲ ಎಂಬುದು ನಿಜ. ಹೊರಗಿನಿಂದ ಬಂದವರೆಲ್ಲ ಅಸಮರ್ಥರೆಂದೂ ಹೇಳಲಾಗದು. ಕೇಂದ್ರ ಕಾನೂನು ಸಚಿವಾಲಯದ ಹಿನ್ನೆಲೆಯಿಂದ ಬಂದ ವಿ.ಎಸ್. ರಮಾದೇವಿ 1993ರಿಂದ 1997ರವರೆಗೆ ರಾಜ್ಯಸಭೆಯ ಮೊದಲ ಮಹಿಳಾ ಮಹಾ ಕಾರ್ಯದರ್ಶಿಯಾಗಿದ್ದರು. ಮುಂದೆ 1999ರಿಂದ 2002ರವರೆಗೆ ಕರ್ನಾಟಕದ ರಾಜ್ಯಪಾಲರಾಗಿದ್ದ ಅವರ ಕಾನೂನು ಜ್ಞಾನದ ಬಗ್ಗೆ ಯಾರೂ ಬೊಟ್ಟು ಮಾಡಿದವರಿಲ್ಲ. ಲೋಕಸಭೆಯಲ್ಲೂ 2017ರಲ್ಲಿ ಸ್ನೇಹಲತಾ ಶ್ರೀವಾಸ್ತವ, 2020ರಲ್ಲಿ ಉತ್ಪಲ್ ಕುಮಾರ್ ಸಿಂಗ್ ಐಎಎಸ್ ಸೇವೆಯಿಂದಲೇ ಬಂದರು.

ಪ್ರಶ್ನೆಯಿರುವುದು ವ್ಯಕ್ತಿಗಳ ಬಗ್ಗೆ ಅಲ್ಲ. ಜೀವಮಾನವಿಡೀ ಸರ್ಕಾರದ ಆಣತಿಯಂತೆ ಕೆಲಸ ಮಾಡಿದ ಅಧಿಕಾರಿ ನಿವೃತ್ತಿಯ ಬಳಿಕ ಸದನದ ಮೇಜಿಗೆ ಬಂದರೆ, ಸರ್ಕಾರವನ್ನು ಪ್ರಶ್ನಿಸುವ ಸಂಸ್ಥೆಯ ಅಂತಃಸತ್ವ ಅವರಿಗೆ ಎಷ್ಟು ಬೇಗ ಮೈಗೂಡೀತು? ಎಷ್ಟೇ ನಿಷ್ಠೆಯಿಂದ ದುಡಿದರೂ ಕೊನೆಯ ಮೆಟ್ಟಿಲು ಹೊರಗಿನವರಿಗೇ ಮೀಸಲು ಎಂದಾದರೆ, ಒಳಗಿನ ನೌಕರನ ಉತ್ಸಾಹ ಉಳಿದೀತೇ? 1929ರಲ್ಲಿ ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ ಸರ್ಕಾರವನ್ನು ಹಿಂಬಾಗಿಲಿನಿಂದ ಒಳಗೆ ಕರೆದಂತಾಗಲಿಲ್ಲವೇ?

ಲಂಡನ್ ಸದನದ ಪಾಠ

ಇದೇ ಬಗೆಯ ಪ್ರಶ್ನೆ ನಮ್ಮ ಸಂಸದೀಯ ಪದ್ಧತಿಯ ಮೂಲವಾದ ಬ್ರಿಟನ್ನಿನಲ್ಲಿ 2014ರಲ್ಲಿ ಎದ್ದಾಗ ಅಲ್ಲಿನ ಸದಸ್ಯರು ಸುಮ್ಮನಿರಲಿಲ್ಲ. ಹೌಸ್ ಆಫ್ ಕಾಮನ್ಸ್‌ನಲ್ಲಿ ಮಹಾ ಕಾರ್ಯದರ್ಶಿಗೆ ಸಮಾನವಾದ ಕ್ಲರ್ಕ್ ಹುದ್ದೆಗೆ 1363ರಿಂದಲೂ ಇತಿಹಾಸವಿದೆ. ಆ ಹುದ್ದೆಯಲ್ಲಿದ್ದ ಸರ್ ರಾಬರ್ಟ್ ರೋಜರ್ಸ್ 42 ವರ್ಷಗಳ ಸೇವೆಯ ಬಳಿಕ ಆ ವರ್ಷ ನಿವೃತ್ತರಾದರು. ಜುಲೈನಲ್ಲಿ ಸದನ ಕಲಾಪದ ಸಮಯವನ್ನೇ ಮೀಸಲಿಟ್ಟು ಅವರಿಗೆ ವಂದನೆ ಸಲ್ಲಿಸಿತು. ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನದೆ ಸದಸ್ಯರು ಒಬ್ಬರಾದ ಮೇಲೊಬ್ಬರು ಎದ್ದು ಮಾತನಾಡಿದರು. ವರ್ಷಾಂತ್ಯಕ್ಕೆ ಲಾರ್ಡ್ ಲಿಸ್ವೇನ್ ಎಂಬ ಬಿರುದಿನೊಂದಿಗೆ ಅವರು ಮೇಲ್ಮನೆಯ ಸದಸ್ಯರಾದರು.

ಆದರೆ ನಿಜವಾದ ಗೌರವ ಭಾಷಣಗಳ ನಂತರ ಬಂತು. ರೋಜರ್ಸ್ ಉತ್ತರಾಧಿಕಾರಿಯಾಗಿ ಆಸ್ಟ್ರೇಲಿಯಾದ ಸಂಸತ್ತಿನ ಆಡಳಿತ ಸೇವೆಗಳ ಮುಖ್ಯಸ್ಥೆ ಕರೋಲ್ ಮಿಲ್ಸ್ ಅವರ ಹೆಸರನ್ನು ಸ್ಪೀಕರ್ ಜಾನ್ ಬರ್ಕೋ ನೇತೃತ್ವದ ಆಯ್ಕೆ ಮಂಡಳಿ ಮುಂದಿಟ್ಟಿತು. ಕಲಾಪದ ನಿಯಮಗಳಲ್ಲಿ ಅನುಭವವಿಲ್ಲದವರು ಪೀಠಕ್ಕೆ ಸಲಹೆ ನೀಡುವುದು ಹೇಗೆ ಎಂದು ಎಲ್ಲ ಪಕ್ಷಗಳ ಸದಸ್ಯರೂ ಆಕ್ಷೇಪಿಸಿದರು. ಸೆಪ್ಟೆಂಬರ್‌ನಲ್ಲಿ ನೇಮಕ ಪ್ರಕ್ರಿಯೆ ತಡೆಹಿಡಿಯಲ್ಪಟ್ಟಿತು. ಜಾಕ್ ಸ್ಟ್ರಾ ಅಧ್ಯಕ್ಷತೆಯ ಸಮಿತಿ ಈ ವಿಷಯ ಪರಿಶೀಲಿಸಿ, ಕಲಾಪದ ಸಲಹೆಗೆ ಕ್ಲರ್ಕ್, ಕಟ್ಟಡ, ಹಣಕಾಸು ಮೊದಲಾದ ಆಡಳಿತಕ್ಕೆ ಪ್ರತ್ಯೇಕ ಮಹಾನಿರ್ದೇಶಕ ಎಂದು ಹೊಣೆಗಳನ್ನು ವಿಂಗಡಿಸಿತು. 2015ರಲ್ಲಿ ಸದನದ ಸೇವೆಯಲ್ಲೇ ಪಳಗಿದ ಡೇವಿಡ್ ನಾಟ್ಜ್ಲರ್ ಕ್ಲರ್ಕ್ ಆದರು.

ನಿವೃತ್ತನಾದವನನ್ನು ಹೊಗಳಿದ ಸದನ, ಆತ ಕೂರುತ್ತಿದ್ದ ಕುರ್ಚಿಯ ಘನತೆಯನ್ನೂ ಕಾಪಾಡಿತು. ಸ್ಪೀಕರ್ ಆಯ್ಕೆಯನ್ನೇ ಸದಸ್ಯರು ಪ್ರಶ್ನಿಸಿದರು, ಸ್ಪೀಕರ್ ಕೂಡ ಮರುಪರಿಶೀಲನೆಗೆ ಒಪ್ಪಿದರು ಎಂಬುದು ಗಮನಾರ್ಹ.

ಸ್ವಾಯತ್ತತೆಗೂ ಲೆಕ್ಕ ಬೇಕು

ಹಾಗೆಂದು ಸಚಿವಾಲಯಗಳನ್ನು ಹೊರಗಿನವರು ಕೇಳುವಂತಿಲ್ಲದ ಕೋಟೆಗಳನ್ನಾಗಿ ಮಾಡಿದರೆ ಅಪಾಯ ತಪ್ಪಿದ್ದಲ್ಲ. ಉತ್ತರಾಖಂಡದ ಉದಾಹರಣೆ ಕಣ್ಣ ಮುಂದಿದೆ. ಅಲ್ಲಿನ ವಿಧಾನಸಭಾ ಸಚಿವಾಲಯದಲ್ಲಿ 2016ರಿಂದ 2021ರ ನಡುವೆ ನಡೆದಿದ್ದ 228 ತಾತ್ಕಾಲಿಕ ನೇಮಕಗಳನ್ನು 2022ರ ಸೆಪ್ಟೆಂಬರ್‌ನಲ್ಲಿ ಸಭಾಧ್ಯಕ್ಷೆ ರಿತು ಖಂಡೂರಿ ರದ್ದುಪಡಿಸಿದರು. ಸ್ಪರ್ಧಾತ್ಮಕ ಆಯ್ಕೆಯಿಲ್ಲದೆ ನಡೆದ ಆ ನೇಮಕಗಳು ನಿಯಮಬದ್ಧವಾಗಿರಲಿಲ್ಲ ಎಂಬುದು ತನಿಖಾ ಸಮಿತಿಯ ಅಭಿಪ್ರಾಯವಾಗಿತ್ತು. ಸರ್ಕಾರದ ಹಿಡಿತ ತಪ್ಪಿಸಲು ಸಂವಿಧಾನ ಕೊಟ್ಟ ಸ್ವಾತಂತ್ರ್ಯ, ಪೀಠದಲ್ಲಿ ಕುಳಿತವರ ಕೃಪೆಗೆ ದಾರಿಯಾಗಬಹುದು ಎಂಬುದಕ್ಕೆ ಇದು ನಿದರ್ಶನ.

ಕೃಪೆಯಿಂದ ಒಳಬಂದ ನೌಕರ ಕೃಪೆ ತೋರಿದವರಿಗೆ ನಿಷ್ಠುರ ಸಲಹೆ ನೀಡಲಾರ. ಸರ್ಕಾರದ ಹಂಗು ತಪ್ಪಿದರೂ ಸಭಾಧ್ಯಕ್ಷರ ಹಂಗು ಉಳಿಯುತ್ತದೆ. ಆದ್ದರಿಂದ ಸಚಿವಾಲಯದ ಸ್ವಾತಂತ್ರ್ಯದ ಮಾತು ಶುರುವಾಗಬೇಕಾದದ್ದು ನೇಮಕಾತಿಯ ಬಾಗಿಲಲ್ಲೇ.

ಏನಾಗಬೇಕು?

ಪರಿಹಾರಗಳು ಕಷ್ಟದವೇನಲ್ಲ. 98 ಮತ್ತು 187ನೇ ವಿಧಿಗಳು ಸೂಚಿಸಿರುವಂತೆ ನೇಮಕಾತಿ, ಬಡ್ತಿ, ಶಿಸ್ತುಕ್ರಮಗಳನ್ನು ಶಾಸನಸಭೆಗಳೇ ಕಾನೂನಿನ ಚೌಕಟ್ಟಿಗೆ ತರಬೇಕು. ಪ್ರವೇಶ ಹಂತದ ಆಯ್ಕೆ ಬಹಿರಂಗ ಪರೀಕ್ಷೆಯ ಮೂಲಕವೇ ನಡೆಯಬೇಕು. ಅತ್ಯುನ್ನತ ಹುದ್ದೆಗೆ ಅರ್ಹತೆ, ಅವಧಿ, ತೆಗೆದುಹಾಕುವ ಕ್ರಮಗಳು ಮೊದಲೇ ಗೊತ್ತಿರಬೇಕು. ಆಯ್ಕೆಯಲ್ಲಿ ವಿರೋಧ ಪಕ್ಷದ ನಾಯಕರ ಅಭಿಪ್ರಾಯಕ್ಕೂ ಸ್ಥಾನವಿದ್ದರೆ, ಬಂದವರು ಯಾರೇ ಆಗಲಿ, ಇಡೀ ಸದನದ ವಿಶ್ವಾಸ ಅವರಿಗೆ ಮೊದಲ ದಿನದಿಂದಲೇ ದೊರೆಯುತ್ತದೆ. ನಿವೃತ್ತರಾಗುವವರ ಅನುಭವವನ್ನು ಟಿಪ್ಪಣಿಗಳಾಗಿ, ಪೂರ್ವನಿದರ್ಶನಗಳಾಗಿ ಬರೆಸಿಟ್ಟುಕೊಳ್ಳುವ ಪದ್ಧತಿ ಬೆಳೆಯಬೇಕು. ಕೌಲ್ ಮತ್ತು ಶಕ್ಧರ್ ಪುಸ್ತಕವಾಗಿ ಉಳಿದರು. ಕನ್ನಡದ ಸದನದಲ್ಲಿ ಕೆಲಸ ಮಾಡಿದವರ ತಿಳಿವಳಿಕೆಯೂ ಕನ್ನಡದಲ್ಲಿ ಉಳಿಯಬೇಡವೇ?

ಇವೆಲ್ಲಕ್ಕಿಂತ ಮೊದಲು ಸದನ ಸೇರಬೇಕು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕೆಂದು ಕರ್ನಾಟಕ 2005ರಲ್ಲಿ ಕಾನೂನನ್ನೇ ಮಾಡಿಕೊಂಡಿದೆ. ಬಹುತೇಕ ವರ್ಷಗಳಲ್ಲಿ ಆ ಗುರಿ ಮುಟ್ಟಿಲ್ಲ. ಸೇರಿದ ದಿನಗಳಲ್ಲೂ ಗದ್ದಲ, ಧರಣಿ, ಮುಂದೂಡಿಕೆಗಳಿಗೆ ಕೊರತೆಯಿಲ್ಲ. ಪ್ರಶ್ನೆ ಶಾಖೆಯವರು ವಾರಗಟ್ಟಲೆ ಶ್ರಮಿಸಿ ಸಜ್ಜುಗೊಳಿಸಿದ ಪಟ್ಟಿ ಚರ್ಚೆಯಾಗದೆ ಮೇಜಿನ ಮೇಲೆಯೇ ಉಳಿದರೆ, ಸಂಜೆಯವರೆಗೂ ಚರ್ಚೆಯಾಗಬೇಕಿದ್ದ ವಿಧೇಯಕ ಗಲಾಟೆಯ ನಡುವೆ ನಿಮಿಷಗಳಲ್ಲಿ ಅಂಗೀಕಾರವಾದರೆ, ಅದು ಮತದಾರನಿಗಾದ ಅವಮಾನ. ತೆರೆಮರೆಯಲ್ಲಿ ದುಡಿದ ಸಿಬ್ಬಂದಿಗಾದ ಅವಮಾನವೂ ಹೌದು.

ಅಂಬೇಡ್ಕರ್ 1949ರಲ್ಲಿ ನಡುರಾತ್ರಿಯ ದುಡಿಮೆಯನ್ನು ನೆನೆದಾಗ ಸದನದ ಮುಂದೆ ಆ ದುಡಿಮೆಯ ಫಲವೂ ಇತ್ತು. ಇಂದಿನ ಶಾಸಕರು ನಿವೃತ್ತ ಅಧಿಕಾರಿಯ ಹೆಗಲಿಗೆ ಶಾಲು ಹೊದಿಸುವಾಗ, ಆತ ಇಷ್ಟು ವರ್ಷ ಅಣಿಮಾಡಿಕೊಟ್ಟ ವೇದಿಕೆಯನ್ನು ತಾವು ಹೇಗೆ ಬಳಸಿಕೊಂಡೆವು ಎಂದು ಒಮ್ಮೆ ಕೇಳಿಕೊಳ್ಳುವುದು ಒಳಿತು. ಶಾಲು ಮನೆಯ ಕಪಾಟಿಗೆ ಸೇರುತ್ತದೆ, ಹಾರ ಮರುದಿನವೇ ಬಾಡುತ್ತದೆ. ಸದನ ನೆಟ್ಟಗೆ ನಡೆಯುವುದೊಂದೇ ಅವರ ಸೇವೆಗೆ ಉಳಿಯುವ ಗೌರವ.